ಟಿಕೆಟ್ ಸೊನ್ನೆ ಆಯ್ತು, ಮೆಟ್ಟಿಲು ಇಳೀಲಿಲ್ಲ: ಸಿಟಿ ಬಸ್ಸು ಹತ್ತಲಾಗದವರಿಗೆ ಏನು ಮಾಡಬಹುದು?

ಹಳೇಪೇಟೆ (ಚರ್ಚೆ ಆರಂಭಿಸಿದವರು)

ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅದು ಸರಿಯೋ ತಪ್ಪೋ ಅಂತ ಇಲ್ಲಿ ಬೇಕಾದಷ್ಟು ಕಿತ್ತಾಡಿದ್ದೇವೆ, ಆ ಕಡತ ಮತ್ತೆ ಬಿಚ್ಚೋದು ಬೇಡ. ಕೈಯಲ್ಲಿ ಕಾಸಿಲ್ಲದೆ ಮನೆಯಲ್ಲೇ ಉಳೀತಿದ್ದ ಹೆಂಗಸರು ಈಗ ಬಸ್ಸು ಹತ್ತುತ್ತಿದ್ದಾರೆ, ಸಂತೋಷ. ಬಾಗಿಲವರೆಗೂ ಬಂದು ಹತ್ತೋಕಾಗದೆ ಹಿಂದೆ ಸರಿಯೋರ ಗತಿ ಏನು ಅನ್ನೋದು ನನ್ನ ಪ್ರಶ್ನೆ.

ನಮ್ಮ ಬೀದಿಯೊಂದನ್ನೇ ತಗೊಳ್ಳಿ. ಮಂಡಿ ಸವೆದ ಅಜ್ಜಿ, ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದ ನಿವೃತ್ತ ಮೇಷ್ಟ್ರು, ವೀಲ್‌ಚೇರಿನಲ್ಲಿ ಕಾಲೇಜಿಗೆ ಹೋಗೋ ಹುಡುಗಿ. ಮೂವರಿಗೂ ಸ್ಟಾಪು ಕೂಗಳತೆ ದೂರದಲ್ಲಿದೆ. ಮೂವರೂ ಆಟೋಗೆ ದುಡ್ಡು ಸುರೀತಾರೆ. ಅಜ್ಜಿಗೂ ಹುಡುಗಿಗೂ ಟಿಕೆಟ್ ಪುಕ್ಕಟೆ, ಆದರೇನು ಬಂತು?

ನಗರ ಬಸ್ಸುಗಳಿಗೆ ಕೇಂದ್ರ ಸರ್ಕಾರ ಮಾಡಿರೋ ಮಾನದಂಡದಲ್ಲಿ ನೆಲದ ಎತ್ತರಕ್ಕೆ ಮೂರು ಬಗೆ ಇದೆ: 400 ಮಿಲಿಮೀಟರ್, 650 ಮತ್ತು 900. ಮೊದಲನೇದರಲ್ಲಿ ಬಾಗಿಲ ಹತ್ತಿರ ಮೆಟ್ಟಿಲೇ ಇರಲ್ಲ. ಫುಟ್‌ಪಾತಿನ ಅಂಚಿಗೆ ಬಸ್ಸು ತಾಗಿ ನಿಂತರೆ ಒಂದೇ ಹೆಜ್ಜೆ. 900 ಅಂದ್ರೆ ಹೆಚ್ಚುಕಮ್ಮಿ ಮೂರಡಿ, ಕಂಬಿ ಹಿಡಿದು ಮೈ ಎಳೆದುಕೊಂಡು ಹತ್ತಬೇಕು. ನಮ್ಮೂರಲ್ಲಿ ಓಡೋದು ಎತ್ತರದ್ದೇ. ಮೇಷ್ಟ್ರು ಬಲಗೈಯಲ್ಲಿ ಕಂಬಿ ಹಿಡಿದರೆ ಊರುಗೋಲು ಎಲ್ಲಿಡಬೇಕು?

ಊರಿನ ಹೆಸರು ಬೇಕಂತಲೇ ಬರೆದಿಲ್ಲ, ರಾಜ್ಯದ ಯಾವ ಜಿಲ್ಲಾ ಕೇಂದ್ರಕ್ಕಾದರೂ ಈ ಮಾತು ಹೊಂದುತ್ತೆ. ನಾವು ಒಂದಷ್ಟು ಜನ ಸೇರಿ ಒಂದು ಮನವಿ ಕೊಡಬೇಕು ಅಂತಿದ್ದೀವಿ. ನಿಮ್ಮ ನಿಮ್ಮ ಕಡೆ ಏನಿದೆ, ಯಾವುದು ಕೆಲಸ ಮಾಡಿದೆ, ಯಾವುದು ಬರೀ ಫೋಟೋಗೆ ಅಂತ ಬಿಚ್ಚಿ ಹೇಳಿ. "ವ್ಯವಸ್ಥೆ ಬದಲಾಗಬೇಕು" ಅನ್ನೋ ಥರದ ಮಾತು ಬೇಡ, ಯಾರನ್ನ ಏನು ಕೇಳಬೇಕು ಅನ್ನೋದು ಬೇಕು.

ಎರಡನೇ ಬೆಲ್

ನಾನು ನಿವೃತ್ತ ಕಂಡಕ್ಟರ್. ಯಾವ ಡಿಪೋ ಅಂತ ಕೇಳಬೇಡಿ.

ನೀವೆಲ್ಲ ಡ್ರೈವರ್ ಕಂಡಕ್ಟರ್ ಮೇಲೆ ಬೀಳೋ ಮೊದಲು ಫಾರಂ ನಾಲ್ಕು ಅಂದ್ರೆ ಏನು ಅಂತ ತಿಳ್ಕೊಳ್ಳಿ. ಒಂದು ಬಸ್ಸು ಬೆಳಗ್ಗೆ ಡಿಪೋ ಬಿಟ್ಟು ರಾತ್ರಿ ಒಳಗೆ ಬರೋವರೆಗೆ ಯಾವ ಟ್ರಿಪ್ಪು ಎಷ್ಟೊತ್ತಿಗೆ ಹೊರಡಬೇಕು, ಎಷ್ಟೊತ್ತಿಗೆ ಸೇರಬೇಕು ಅನ್ನೋದೆಲ್ಲ ಆ ಹಾಳೆಯಲ್ಲಿರುತ್ತೆ. ಆ ರನ್ನಿಂಗ್ ಟೈಮು ಎಷ್ಟೋ ರೂಟಲ್ಲಿ ರಸ್ತೆ ಖಾಲಿ ಇದ್ದ ಕಾಲದ್ದು. ಈಗ ನಡುವೆ ಸಿಗ್ನಲ್ ಬಂದಿವೆ, ಹಂಪ್ಸ್ ಬಂದಿವೆ, ಸ್ಟಾಪ್ ಜಾಸ್ತಿ ಆಗಿವೆ, ಸೊನ್ನೆ ಟಿಕೆಟ್ ಹರಿದು ಕೊಡೋ ಕೆಲಸವೂ ಸೇರಿಕೊಂಡಿದೆ. ಲೇಟಾದರೆ ಕೊನೇ ಟ್ರಿಪ್ ಕಟ್. ಟ್ರಿಪ್ ಕಟ್ ಆದರೆ ಮೆಮೊ. ಊಟದ ಟೈಮು ಹೋಗೋದಂತೂ ಲೆಕ್ಕಕ್ಕೇ ಇಲ್ಲ.

ಈಗ ಸ್ಟಾಪಲ್ಲಿ ಒಬ್ಬ ಅಜ್ಜಿ ಕೈ ಹಾಕ್ತಾರೆ ಅಂತಿಟ್ಕೊಳ್ಳಿ. ಸೆರಗು ಸಿಕ್ಕಿಸ್ಕೋಬೇಕು, ಚೀಲ ಮೇಲೆ ಇಡಬೇಕು, ಒಂದು ಕಾಲು ಇಡಬೇಕು, ಇನ್ನೊಂದು ಕಾಲು ಅದೇ ಮೆಟ್ಟಿಲಿಗೆ ತರಬೇಕು, ಆಮೇಲೆ ಮುಂದಿನ ಮೆಟ್ಟಿಲು. ಅರ್ಧ ನಿಮಿಷ. ಒಂದು ಟ್ರಿಪ್ಪಲ್ಲಿ ಇಂಥ ಆರು ಜನ ಸಿಕ್ಕರೆ ಮೂರು ನಿಮಿಷ ಹೋಯ್ತು. ಒಳ್ಳೇ ಡ್ರೈವರ್ ಕಾಯ್ತಾನೆ. ಮೊದಲೇ ಲೇಟಾಗಿರೋ ಡ್ರೈವರ್ ಸ್ಟಾಪಿಂದ ಎರಡು ಮಾರು ಮುಂದೆ ಹೋಗಿ ನಿಲ್ಲಿಸ್ತಾನೆ. ಓಡಿ ಬರೋರಷ್ಟೇ ಹತ್ತಲಿ ಅಂತ. ತಪ್ಪೇ, ನಾನೇನು ಸಮರ್ಥನೆ ಮಾಡ್ತಿಲ್ಲ. ಆದರೆ "ಸಿಬ್ಬಂದಿಗೆ ಸೌಜನ್ಯದ ತರಬೇತಿ ಕೊಡಿ" ಅಂತ ಮನವಿ ಬರೆದರೆ ಒಂದು ದಿನ ಪ್ರೊಜೆಕ್ಟರ್ ಹಾಕಿ ಪಾಠ ಮಾಡಿ ಬಿಸ್ಕತ್ ಕೊಟ್ಟು ಕಳಿಸ್ತಾರೆ, ಅಷ್ಟೇ. ಆಸ್ಪತ್ರೆ ಮುಂದೆ ಹೋಗೋ ರೂಟುಗಳಿಗೆ ರನ್ನಿಂಗ್ ಟೈಮು ಜಾಸ್ತಿ ಕೊಡಿ ಅಂತ ಬರೀರಿ.

ಇನ್ನೊಂದು ವಿಷಯ. ಬಸ್ಸು ಕಟ್ಟೆಗೆ ತಾಗಿ ನಿಲ್ಲಬೇಕಾದ ಜಾಗದಲ್ಲಿ ಆಟೋ, ಹಣ್ಣಿನ ಗಾಡಿ, ಪಾನಿಪೂರಿ ಗಾಡಿ. ಬಸ್ಸು ರಸ್ತೆ ಮಧ್ಯೆ ನಿಲ್ಲುತ್ತೆ. ಫುಟ್‌ಪಾತಿಂದ ರಸ್ತೆಗೆ ಇಳಿದು, ಅಲ್ಲಿಂದ ಬಸ್ಸಿಗೆ ಹತ್ತೋದು ಅಂದ್ರೆ ಮೆಟ್ಟಿಲಿನ ಎತ್ತರ ಇನ್ನೂ ಅರ್ಧ ಅಡಿ ಜಾಸ್ತಿ ಆದ ಹಾಗೆ. ನೀವು 400ರ ಬಸ್ಸು ತಂದರೂ ಈ ಜಾಗ ಬಿಡಿಸದೆ ಪ್ರಯೋಜನ ಇಲ್ಲ.

ಪಿಂಚಣಿದಾರ 68

ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದೀರಿ. ಬಸ್ಸು ಹತ್ತೋಕಾಗದೆ ಇರೋದು ರಶ್ಶಿನಿಂದ. ರಶ್ ಆಗಿದ್ದು ಪುಕ್ಕಟೆ ಕೊಟ್ಟಿದ್ದರಿಂದ. ನಾನು ಹಿರಿಯ ನಾಗರಿಕ, ಶೇ 25 ರಿಯಾಯಿತಿ ಕಳೆದು ಉಳಿದದ್ದು ದುಡ್ಡು ಕೊಟ್ಟೇ ಹೋಗ್ತೀನಿ, 2025ರ ಜನವರಿಯಲ್ಲಿ ದರ ಬೇರೆ ಶೇ 15 ಏರಿಸಿದರು. ದುಡ್ಡು ಕೊಟ್ಟವನು ನಿಂತಿರ್ತಾನೆ. ಹಿರಿಯ ನಾಗರಿಕರ ಸೀಟಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗೀರು ಕೂತಿರ್ತಾರೆ.

ಮೂರು ಮನೆ ಕೆಲಸ

ಯಜಮಾನ್ರೇ, ನಿಮಗೆ ಸೀಟು ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಮ್ಮ ಮೂರು ಮನೇಲಿ ಪಾತ್ರೆ ತೊಳೀತಾರೆ. ಶಕ್ತಿಗಿಂತ ಮೊದಲು ಒಂದು ಮನೆಗೆ ಬಸ್ಸು, ಉಳಿದ ಎರಡಕ್ಕೆ ನಡಿಗೆ. ಈಗ ಮೂರಕ್ಕೂ ಬಸ್ಸು. ಅವರ ಮಂಡಿ ಉಳಿದಿದ್ದೇ ಆ ಸೊನ್ನೆ ಟಿಕೆಟ್‌ನಿಂದ. ಜನ ಜಾಸ್ತಿ ಆದರೆ ಬಸ್ಸು ಜಾಸ್ತಿ ಮಾಡಬೇಕೇ ಹೊರತು ಜನರನ್ನ ಕಮ್ಮಿ ಮಾಡೋದಲ್ಲ.

ಇನ್ನೊಂದು ಹೇಳಬೇಕು, ಯಾರೂ ಇದನ್ನ ಎತ್ತಲ್ಲ. ನಮ್ಮ ಪಕ್ಕದ ಶೆಡ್‌ನಲ್ಲಿ ಬಿಹಾರದ ಕಡೆಯ ಹೆಂಗಸರಿದ್ದಾರೆ, ಕಟ್ಟಡದ ಕೆಲಸದವರು. ಆಧಾರ್‌ನಲ್ಲಿ ಇಲ್ಲಿನ ವಿಳಾಸ ಇಲ್ಲ, ಅದಕ್ಕೆ ಅವರಿಗೆ ಶಕ್ತಿ ಅನ್ವಯ ಆಗಲ್ಲ. ಗಂಡನಿಗಿಂತ ಕಮ್ಮಿ ಕೂಲಿ, ಕಂಕುಳಲ್ಲಿ ಮಗು, ಪೂರ್ತಿ ಟಿಕೆಟ್. ದುರ್ಬಲರು ಅಂತ ಪಟ್ಟಿ ಮಾಡೋವಾಗ ಇವರನ್ನೂ ಬರ್ಕೊಳ್ಳಿ.

ಪಿಂಚಣಿದಾರ 68

ತಾಯಿಗೆ ನಮಸ್ಕಾರ ಹೇಳಿ. ಬಸ್ಸು ಜಾಸ್ತಿ ಮಾಡಲಿ ಅನ್ನೋದಕ್ಕೆ ನನ್ನ ಸಹಿಯೂ ಇರಲಿ. ಇಯರ್‌ಫೋನ್ ವಿಷಯದಲ್ಲಿ ಮಾತ್ರ ನಾನು ರಾಜಿ ಇಲ್ಲ.

ಬಿಳಿಕೋಲು, ಮೈಸೂರು

ನನಗೆ ಕಣ್ಣು ಕಾಣಲ್ಲ, ಫೋನಿನ ಸ್ಕ್ರೀನ್ ರೀಡರ್ ಹಿಡಿದು ಬರೀತಿದ್ದೀನಿ, ಕಾಗುಣಿತ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಎಲ್ಲರೂ ಮೆಟ್ಟಿಲಿನ ಬಗ್ಗೆ ಬರೆದಿದ್ದೀರಿ. ನನಗೆ ಮೆಟ್ಟಿಲು ಕಷ್ಟ ಅಲ್ಲವೇ ಅಲ್ಲ, ಯಾವ ಬಸ್ಸು ಅನ್ನೋದೇ ಕಷ್ಟ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಒಟ್ಟಿಗೆ ಬಂದು ಇಂಜಿನ್ ಗುರ್ ಅನ್ನಿಸ್ತಾ ನಿಂತಿರುತ್ತವೆ. ಪಕ್ಕದವರನ್ನ "ಇದು 201ಆ?" ಅಂತ ಕೇಳಬೇಕು. ಉತ್ತರ ಬರೋವಷ್ಟರಲ್ಲಿ ಅದು ಹೊರಟಿರುತ್ತೆ. ಕೆಲವರು ಉತ್ತರ ಕೊಡೋ ಬದಲು ರಟ್ಟೆ ಹಿಡಿದು ಎಳ್ಕೊಂಡು ಹೋಗಿ ಹತ್ತಿಸಿಬಿಡ್ತಾರೆ, ಪುಣ್ಯ ಕಟ್ಟಿಕೊಳ್ಳೋ ಅವಸರ. ದಯವಿಟ್ಟು ಎಳೀಬೇಡಿ. ನಿಮ್ಮ ಮೊಣಕೈ ಕೊಡಿ, ನಾವೇ ಹಿಡ್ಕೋತೀವಿ, ನೀವು ಅರ್ಧ ಹೆಜ್ಜೆ ಮುಂದೆ ನಡೀರಿ.

ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿಯವರು "ಧ್ವನಿ ಸ್ಪಂದನ" ಅಂತ ಒಂದು ವ್ಯವಸ್ಥೆಯನ್ನ ಸಿಟಿ ಬಸ್ಸುಗಳಿಗೆ ಹಾಕಿದ್ದಾರೆ. ತಂತ್ರಜ್ಞಾನ ದಿಲ್ಲಿ ಐಐಟಿಯಲ್ಲಿ ಹುಟ್ಟಿದ್ದು. ನಮ್ಮ ಕೈಯಲ್ಲಿ ಅಂಗೈಯಗಲದ ಒಂದು ಸಾಧನ. ಬಸ್ಸಿನ ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಿದರೆ ಹತ್ತಿರದಲ್ಲಿರೋ ಬಸ್ಸುಗಳ ನಂಬರನ್ನ ಅದು ಓದುತ್ತೆ. ನಮಗೆ ಬೇಕಾದ ನಂಬರು ಬಂದಾಗ ಇನ್ನೊಮ್ಮೆ ಒತ್ತಿದರೆ ಆ ಬಸ್ಸಿನ ಬಾಗಿಲ ಹತ್ತಿರದ ಸ್ಪೀಕರ್ ಮಾತಾಡುತ್ತೆ. ಆ ದನಿ ಹಿಡಿದು ನಡೆದರೆ ನೇರ ಬಾಗಿಲಿಗೆ. ಡ್ರೈವರಿಗೂ ಗೊತ್ತಾಗುತ್ತೆ, ಯಾರೋ ಬರ್ತಿದ್ದಾರೆ ಅಂತ.

ಇದು ಫೋಟೋಗೆ ಮಾಡಿದ್ದಲ್ಲ, ಕೆಲಸ ಮಾಡುತ್ತೆ. ತಿಲಕ್ ನಗರದ ಸರ್ಕಾರಿ ಅಂಧರ ಶಾಲೆ ಇರೋ ಊರಿಗೆ ಇದು ಇಷ್ಟು ತಡವಾಗಿ ಬಂತಲ್ಲ ಅನ್ನೋದೊಂದೇ ನನ್ನ ಗೊಣಗಾಟ. ಸಾಧನ ಕೈಯಲ್ಲಿದ್ದರೆ ಯಾರನ್ನೂ ಬೇಡೋ ಹಾಗಿಲ್ಲ, ಆ ನೆಮ್ಮದಿ ಕಣ್ಣಿದ್ದವರಿಗೆ ಹೇಳಿದರೆ ಅರ್ಥ ಆಗುತ್ತೋ ಇಲ್ಲವೋ. ಆದರೆ ಬಸ್ಸಿನ ಒಳಗೆ ಮುಂದಿನ ನಿಲ್ದಾಣ ಯಾವುದು ಅಂತ ಕೂಗೋದೂ ಅಷ್ಟೇ ಮುಖ್ಯ. ಕೂಗಿದರೆ ನನಗೊಬ್ಬನಿಗೇ ಅಲ್ಲ, ಓದೋಕೆ ಬಾರದವರಿಗೆ, ಊರಿಗೆ ಹೊಸಬರಿಗೆ, ರಾತ್ರಿ ಮಂಜುಗಣ್ಣಿನವರಿಗೆ ಎಲ್ಲರಿಗೂ ಉಪಯೋಗ. ಕೆಲವು ಬಸ್ಸಲ್ಲಿ ಈ ಧ್ವನಿಯನ್ನ ಕಿರಿಕಿರಿ ಅಂತ ಆಫ್ ಮಾಡಿರ್ತಾರೆ. ಹಳೇಪೇಟೆಯವರೇ, ನಿಮ್ಮ ಮನವಿಯಲ್ಲಿ "ಸ್ಪೀಕರ್ ಅಳವಡಿಸಿ" ಅಂತ ಬರೆದು ಬಿಡಬೇಡಿ, "ಆಫ್ ಮಾಡಬಾರದು" ಅಂತಲೂ ಬರೀರಿ.

ಉಣಕಲ್ ಕೆರಿ

ಹುಬ್ಬಳ್ಳಿಯಿಂದ ನಮಸ್ಕಾರ್ರೀ. ಇಷ್ಟೊತ್ತು ಓದಿದೆ, ನಮ್ಮ ಚಿಗರಿ ಬಸ್ಸಿನ ಸುದ್ದಿ ಯಾರೂ ತಗದಿಲ್ಲಲ್ಲಾ ಅಂತ ಆಶ್ಚರ್ಯ ಆತು.

ಹುಬ್ಬಳ್ಳಿ-ಧಾರವಾಡ ನಡುವ ಬಿಆರ್‌ಟಿಎಸ್ ಐತಿ, ಸುಮಾರು 22 ಕಿಲೋಮೀಟರ್. ಬಸ್ಸಿಗೆ ಬ್ಯಾರೆನ ದಾರಿ, ರಸ್ತೆ ನಟ್ಟನಡುವ ಸ್ಟೇಷನ್. ಇಲ್ಲಿ ಬಸ್ಸಿನ ನೆಲ ಇಳಿಸಿಲ್ಲ, ಸ್ಟೇಷನ್ನಿನ ಕಟ್ಟಿನ ಎತ್ತರಿಸ್ಯಾರ. ಬಾಗಲ ತೆಗದ್ರ ಕಟ್ಟಿ, ಬಸ್ಸು ಒಂದ ಸಮ. ನಮ್ಮ ಅವ್ವಗ 76 ವರ್ಷ, ಮಂಡಿ ಬಾಗಂಗಿಲ್ಲ. ಸಾದಾ ಬಸ್ಸಿಗೆ ಹೋಗು ಅಂದ್ರ ಒಲ್ಲೆ ಅಂತಾಳ, ಚಿಗರಿ ಅಂದ್ರ ಸೀರಿ ಉಟ್ಟು ತಯಾರಾಗ್ತಾಳ. ಟಿಕೀಟ ಹೊರಗ ಕೌಂಟರಿನ್ಯಾಗ ತಗೋಳೋದು, ಅದಕ್ಕ ಬಾಗಲದಾಗ ಜಗ್ಗಾಟ ಕಡಿಮಿ.

ಆದ್ರ ಸ್ಟೇಷನ್ ರಸ್ತೆ ನಡುವ ಅದಾವಲ್ರೀ, ಅಲ್ಲಿ ಮುಟ್ಟೂದ ಒಂದು ಪರೀಕ್ಷೆ. ಎರಡೂ ಕಡೆ ಲಾರಿ, ಬೈಕು ಹಾರಿಕೋತ ಬರ್ತಾವು. ಝೀಬ್ರಾ ಪಟ್ಟಿ ಬಳದಾರ, ಅದನ್ನ ನೋಡಿ ಗಾಡಿ ನಿಲ್ಸವ್ರು ಯಾರ? ಅವ್ವ ಒಳಗ ಹೊಕ್ಕಳಂದ್ರ ರಾಣಿ, ಹೊಗತನಾ ಜೀವ ಕೈಯಾಗ. ಹಿಂಗಾಗಿ ನನ್ನ ಸಲಹೆ ಏನಂದ್ರ, ಬಸ್ಸು ಒಂದ ನೋಡಬ್ಯಾಡ್ರಿ, ರಸ್ತೆ ದಾಟೂದೂ ಬಸ್ಸಿನ ಲೆಕ್ಕಕ್ಕ ಹಿಡೀರಿ. ಸಿಗ್ನಲ್ ಹಾಕಿದ್ರ ಮುದುಕರು ದಾಟೂವಷ್ಟು ಹೊತ್ತು ಹಸಿರು ಇರಬೇಕು, ಹರೇದ ಹುಡುಗರ ಲೆಕ್ಕದಾಗ ಇಡಬಾರದು.

ಹಂಪನಕಟ್ಟೆ

ಮಂಗಳೂರಿನಿಂದ. ನಿಮ್ಮಲ್ಲೆಲ್ಲ ಶಕ್ತಿ ಬಂದು ರಶ್ ಆಯ್ತು ಅಂತ ಬೇಸರ, ನಮ್ಮಲ್ಲಿ ಶಕ್ತಿಯೇ ಸರಿಯಾಗಿ ಮುಟ್ಟಲಿಲ್ಲ ಮಾರಾಯ್ರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಸಿಟಿ ಬಸ್ಸು ಅಂದ್ರೆ ಹೆಚ್ಚಿನದ್ದು ಖಾಸಗಿ. ಖಾಸಗಿ ಬಸ್ಸಿಗೆ ಯೋಜನೆ ಇಲ್ಲ. ಸರ್ಕಾರಿ ನರ್ಮ್ ಬಸ್ಸು ಉಂಟು, ಆದ್ರೆ ಕೆಲವು ರೂಟಿಗೆ ಮಾತ್ರ. ಸ್ಟೇಟ್ ಬ್ಯಾಂಕಿನ ಹತ್ತಿರ ನಿಂತ್ರೆ ಸಾಲಾಗಿ ಖಾಸಗಿ ಬಸ್ಸು ಬರ್ತಾ ಇರ್ತದೆ, ಸರ್ಕಾರಿ ಬಸ್ಸಿಗೆ ಕಾಯುವುದೇ ಕೆಲಸ.

ಖಾಸಗಿಯವರನ್ನು ಬೈಯುವುದಕ್ಕೆ ಬರೆಯುವುದಲ್ಲ. ಅವರ ಸರ್ವಿಸು ಚುರುಕು, ಎಷ್ಟೋ ಒಳರಸ್ತೆಗೆ ಅವರೇ ಗತಿ. ಆದ್ರೆ ಹಿಂದೆ ಇನ್ನೊಂದು ಬಸ್ಸು ಬರ್ತಾ ಉಂಟು ಅಂತಾದ್ರೆ ಕಂಡಕ್ಟರಿನ ಸೀಟಿ ನಿಲ್ಲುವುದಿಲ್ಲ. ನನ್ನ ಮಾವ ವೆನ್‌ಲಾಕ್ ಆಸ್ಪತ್ರೆಗೆ ತೋರಿಸ್ಲಿಕ್ಕೆ ಹೋಗುವಾಗ ಒಂದು ಕಾಲು ಮೆಟ್ಟಿಲಲ್ಲಿ ಇರುವಾಗಲೇ ಬಸ್ಸು ಹೊರಟು, ಬಿದ್ದು, ಸೊಂಟಕ್ಕೆ ಪೆಟ್ಟಾಯ್ತು. ಯಾವ ಬಸ್ಸು ಅಂತ ಹೇಳಿ ಈಗ ಪ್ರಯೋಜನ ಇಲ್ಲ.

ಪರ್ಮಿಟ್ಟು, ಟೈಮಿಂಗು ಕೊಡುವುದು ಸಾರಿಗೆ ಪ್ರಾಧಿಕಾರ. ಎರಡು ಬಸ್ಸಿನ ನಡುವೆ ಒಂದೋ ಎರಡೋ ನಿಮಿಷ ಮಾತ್ರ ಇಟ್ಟು, ಮೇಲಿಂದ "ನಿಧಾನ ಹೋಗಿ" ಅಂದ್ರೆ ಆಗ್ತದಾ? ಕಂಡಕ್ಟರ್ ಅಣ್ಣ ಮೇಲೆ ಹೇಳಿದ ಫಾರಂ ನಾಲ್ಕರ ಕಥೆಯೇ ಇಲ್ಲಿ ಬೇರೆ ವೇಷದಲ್ಲಿ ಉಂಟು.

ಎರಡನೇ ಬೆಲ್

ಸರಿಯಾಗಿ ಹಿಡಿದ್ರಿ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಬಾಗಿಲಲ್ಲಿ ಕಳೆಯೋ ಅರ್ಧ ನಿಮಿಷಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ. ಆ ಅರ್ಧ ನಿಮಿಷವನ್ನ ಮುದುಕರ ಸೊಂಟದಿಂದ ವಸೂಲಿ ಮಾಡ್ತಾರೆ.

ನಾಲ್ಕು ಚಕ್ರ

ಬೆಂಗಳೂರು. ವೀಲ್‌ಚೇರ್ ನನ್ನದು.

ಒಂದು ತಮಾಷೆ ಹೇಳ್ತೀನಿ ಕೇಳಿ. 2006ರ ಹೊತ್ತಿಗೇ ಬೆಂಗಳೂರಿಗೆ ತಗ್ಗು ನೆಲದ ವೋಲ್ವೋ ಸಿಟಿ ಬಸ್ಸು ಬಂತು. ನಡುವಿನ ಬಾಗಿಲಲ್ಲಿ ಮಡಚಿ ಬಿಚ್ಚೋ ಹಲಗೆ. ಅಂದ್ರೆ ಸುಮಾರು 20 ವರ್ಷದಿಂದ ನಾನು ಹತ್ತಬಹುದಾದ ಬಸ್ಸು ಈ ಊರಲ್ಲಿದೆ. ಆದರೆ ಅದು ಎಸಿ ವಜ್ರ, ಟಿಕೆಟ್ ದುಬಾರಿ. ಆಮೇಲೆ ಶಕ್ತಿ ಬಂತು, ಎಸಿ ಬಸ್ಸಿಗೆ ಅನ್ವಯ ಇಲ್ಲ ಅಂದರು. ಹೀಗಾಗಿ ನನಗೆ ಪುಕ್ಕಟೆ ಸಿಗೋ ಬಸ್ಸಿಗೆ ನಾನು ಹತ್ತಲಾರೆ, ಹತ್ತಬಹುದಾದ ಬಸ್ಸಿಗೆ ದುಡ್ಡು ಕೊಡಬೇಕು. ಕೆಲಸಕ್ಕೆ ಹೋಗೋ ವಿಕಲಚೇತನ ಹೆಣ್ಣುಮಗಳಿಗೆ ಇದಕ್ಕಿಂತ ಚೆಂದದ ಉಡುಗೊರೆ ಬೇಕೇ?

ಈಚೆಗೆ ಸ್ವಲ್ಪ ಬದಲಾಗಿದೆ. ಬಿಎಂಟಿಸಿಗೆ ಟಾಟಾದವರಿಂದ 12 ಮೀಟರ್ ಉದ್ದದ, ತಗ್ಗು ನೆಲದ, ಎಸಿ ಇಲ್ಲದ ಎಲೆಕ್ಟ್ರಿಕ್ ಬಸ್ಸುಗಳು ಬಂದವು. ಒಪ್ಪಂದ 921 ಬಸ್ಸಿಗೆ, 12 ವರ್ಷದ್ದು, ಮೊದಲ ಕಂತು 2023ರ ಕೊನೆಗೆ ರಸ್ತೆಗಿಳೀತು. ಇವಕ್ಕೆ ಶಕ್ತಿಯೂ ಇದೆ. ಸಾಮಾನ್ಯ ದರದ ಬಸ್ಸೂ ತಗ್ಗಾಗಿರಬಹುದು ಅಂತ ಇದರಿಂದ ಸಾಬೀತಾಯ್ತಲ್ಲ, ಇನ್ನು "ನಮ್ಮ ರಸ್ತೆಗೆ ಆಗಲ್ಲ, ತಳ ತಾಗುತ್ತೆ" ಅನ್ನೋ ಹಳೇ ರಾಗ ಹಾಡೋಕಾಗಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಈ ಎಲೆಕ್ಟ್ರಿಕ್ ಬಸ್ಸಲ್ಲಿ ಡ್ರೈವರ್ ಕಂಪನಿಯವನು, ಕಂಡಕ್ಟರ್ ನಿಗಮದವರು. ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು. ಕಟ್ಟೆಗೆ ತಾಗಿಸಿ ನಿಲ್ಲಿಸಿದ್ದಕ್ಕೆ, ಹಲಗೆ ಬಿಚ್ಚಿದ್ದಕ್ಕೆ ಕಾಸಿಲ್ಲ. ಹಲಗೆ ಬಿಚ್ಚೋದು ಯಾರ ಕೆಲಸ ಅಂತ ಇಬ್ಬರೂ ಮುಖ ಮುಖ ನೋಡಿಕೊಳ್ಳೋ ಸಂದರ್ಭ ಬರಬಾರದು ಅಂದ್ರೆ ಅದನ್ನ ಒಪ್ಪಂದದಲ್ಲೇ ಬರೆದಿರಬೇಕು.

ಮೆಟ್ರೋ ಬಗ್ಗೆ ಯಾರಾದರೂ ಕೇಳೋ ಮೊದಲೇ ಹೇಳಿಬಿಡ್ತೀನಿ: ನಿಲ್ದಾಣದ ಒಳಗೆ ಹೊಕ್ಕರೆ ಲಿಫ್ಟಿದೆ, ರೈಲು ಪ್ಲಾಟ್‌ಫಾರಂಗೆ ಸಮ ಇದೆ, ಚೆನ್ನಾಗಿದೆ. ಮನೆಯಿಂದ ನಿಲ್ದಾಣಕ್ಕೆ? ಬೈಕಿನವರು ಫುಟ್‌ಪಾತ್ ಹತ್ತಬಾರದು ಅಂತ ಕಂಬ ನೆಟ್ಟಿದ್ದಾರೆ. ಬೈಕಿನವರು ಸಂದಿ ಹುಡುಕಿ ಹತ್ತೇ ಹತ್ತುತ್ತಾರೆ. ನಿಂತುಹೋಗಿದ್ದು ನನ್ನ ಗಾಡಿ ಮಾತ್ರ. ಎರಡು ಕಂಬದ ನಡುವೆ ಮೂರಡಿ ಬಿಟ್ಟಿದ್ದರೆ ಸಾಕಿತ್ತು.

ಹಳೇಪೇಟೆ

ನಾಲ್ಕು ಚಕ್ರ ಅವರೇ, ಇದು ಬಹಳ ದೊಡ್ಡ ಮಾತು. ಹಾಗಾದರೆ ನಾವು ಡಿಪೋಗೆ ಮನವಿ ಕೊಟ್ಟರೆ ಸಾಲದು, ಹೊಸ ಬಸ್ಸು ಕೊಳ್ಳೋ ಟೆಂಡರ್ ಹಂತದಲ್ಲೇ ಕೇಳಬೇಕು ಅಂತೀರಾ?

ನಾಲ್ಕು ಚಕ್ರ

ಅದನ್ನೇ ಹೇಳ್ತಿರೋದು. ಒಂದು ಸಲ ಕೊಂಡ ಬಸ್ಸು ಹತ್ತು ಹದಿನೈದು ವರ್ಷ ಓಡುತ್ತೆ. ಈ ವರ್ಷ 900ರ ಬಸ್ಸು ಕೊಂಡರೆ ಇವತ್ತು ಅರವತ್ತಾದವರು ಎಪ್ಪತ್ತೈದಾಗೋವರೆಗೂ ಅದನ್ನೇ ಹತ್ತಬೇಕು. 15 ವರ್ಷ ತುಂಬಿದ ಸರ್ಕಾರಿ ವಾಹನಗಳನ್ನ ಗುಜರಿಗೆ ಹಾಕಬೇಕು ಅನ್ನೋ ನಿಯಮ 2023ರ ಏಪ್ರಿಲ್‌ನಿಂದ ಇದೆ. ಕೇಂದ್ರದ ಪಿಎಂ ಇ-ಬಸ್ ಸೇವಾದಲ್ಲಿ ದೇಶಕ್ಕೆಲ್ಲ 10,000 ಬಸ್ಸು ಅಂತ ಅದೇ ವರ್ಷ ಆಗಸ್ಟಲ್ಲಿ ಘೋಷಣೆ ಆಯ್ತು. ಅಂದ್ರೆ ಹಳೇದು ಹೋಗಿ ಹೊಸದು ಬರೋ ಕಾಲ ಇದು. ಈಗ ಕೇಳದಿದ್ದರೆ ಇನ್ನೊಂದು ತಲೆಮಾರು ಕಾಯಬೇಕು.

ಕಪ್ಪು ಕೋಟು

ಕಾನೂನಿನ ಕಡೆಯಿಂದ ಎರಡು ಮಾತು. ವಿಕಲಚೇತನರ ಹಕ್ಕುಗಳ ಅಧಿನಿಯಮ 2016, ಅದರ 41ನೇ ಕಲಂ ಸಾರಿಗೆಗೇ ಮೀಸಲು. ಬಸ್ ನಿಲ್ದಾಣ, ಟಿಕೆಟ್ ಕೌಂಟರ್, ಶೌಚಾಲಯ, ವಾಹನ, ರಸ್ತೆ ಎಲ್ಲವೂ ಅದರಲ್ಲಿ ಬರುತ್ತೆ. ಹಳೇ ವಾಹನಗಳ ಮಾರ್ಪಾಡಿನ ಮಾತೂ ಇದೆ. ಆದರೆ ತಾಂತ್ರಿಕವಾಗಿ, ಆರ್ಥಿಕವಾಗಿ ಸಾಧ್ಯವಾದರೆ ಅನ್ನೋ ಷರತ್ತು ಹಚ್ಚಿದ್ದಾರೆ, ಅಧಿಕಾರಿಗಳು ನುಸುಳೋದು ಅಲ್ಲೇ. ಹಾಗಾಗಿ ಹಳೇ ಬಸ್ಸಿನ ಮೇಲೆ ಜಗಳ ಮಾಡಿ ಸುಸ್ತಾಗಬೇಡಿ, ಹೊಸ ಬಸ್ಸಿನ ಮೇಲೆ ಹಟ ಹಿಡೀರಿ.

ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಈ ಅಧಿನಿಯಮದಡಿ ಮಾಡಿದ 2017ರ ನಿಯಮಗಳ 15ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಅಂತ ಹೇಳಿತು. ಸುಗಮ್ಯತೆಯ ಮಾನದಂಡ ಬರೀ ಸಲಹೆಯಂತಿದ್ದರೆ ಆಗದು, ಕಡ್ಡಾಯದ ನಿಯಮ ಬೇಕು, ಮೂರು ತಿಂಗಳಲ್ಲಿ ಮಾಡಿ ಅಂತ ಕೇಂದ್ರಕ್ಕೆ ಆದೇಶ. ಚೆನ್ನೈ ನೋಡಿ. ಅಲ್ಲಿನ ವಿಕಲಚೇತನ ಹೋರಾಟಗಾರರು ಮದ್ರಾಸ್ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಬಡಿದಾಡಿದರು. ಅಲ್ಲಿನ ನಗರ ಸಾರಿಗೆ 2024ರ ಆಗಸ್ಟ್‌ನಲ್ಲಿ ತಗ್ಗು ನೆಲದ ಹೊಸ ಬಸ್ಸು ರಸ್ತೆಗಿಳಿಸಿತು. ಎಲ್ಲರೂ ಕೋರ್ಟಿಗೆ ಹೋಗಿ ಅಂತ ನಾನು ಹೇಳಲ್ಲ, ನನ್ನ ಹೊಟ್ಟೆಪಾಡಿಗೆ ವಿರುದ್ಧವಾದರೂ! ಮೊದಲು ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಬಾಣಂತಿ ವಾರ್ಡು

ನಾನು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ನೀವೆಲ್ಲ ಸಿಟಿ ಬಸ್ಸಿನ ಬಗ್ಗೆ ಮಾತಾಡ್ತಿದ್ದೀರ, ನಮ್ಮೂರಿಗೆ ಬೆಳಗ್ಗೆ ಒಂದು ಸಾಯಂಕಾಲ ಒಂದು, ನಡುವೆ ಮಧ್ಯಾಹ್ನದ್ದೊಂದು ಬಂದರೆ ಬಂತು. ಇಲ್ಲಿ ಬರೀಬಹುದಾ ಅಂತ ಅನುಮಾನ ಇತ್ತು.

ಬಾಣಂತಿಯರದ್ದು ಪರವಾಗಿಲ್ಲ, ಹೆರಿಗೆಗೆ 108 ಬರುತ್ತೆ, ಹೆರಿಗೆ ಆದಮೇಲೆ ಮನೆಗೆ ಬಿಡೋಕೆ ನಗು-ಮಗು ಗಾಡಿ ಇದೆ. ಕಷ್ಟ ಇರೋದು ಡಯಾಲಿಸಿಸ್‌ನವರಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಪುಕ್ಕಟೆ, ಆದರೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಮಲಗಬೇಕು. ನಮ್ಮೂರಲ್ಲಿ ಒಬ್ಬರಿದ್ದಾರೆ. ಬೆಳಗಿನ ಬಸ್ಸು ಹತ್ತಿ ಅವರು ಅಲ್ಲಿಗೆ ಮುಟ್ಟೋದು ಒಂಬತ್ತೂವರೆ. ಸೂಜಿ ಚುಚ್ಚೋವಷ್ಟರಲ್ಲಿ ಹತ್ತು. ಮುಗಿಯೋದು ಎರಡು. ನಮ್ಮೂರಿನ ಮಧ್ಯಾಹ್ನದ ಬಸ್ಸು ತಾಲ್ಲೂಕಿಂದ ಹೊರಡೋದು ಒಂದೂವರೆಗೆ. ಅರ್ಧ ಗಂಟೆ ಅಷ್ಟೇ. ಆ ಅರ್ಧ ಗಂಟೆಗೋಸ್ಕರ ತಲೆ ಸುತ್ತೋ ಸ್ಥಿತಿಯಲ್ಲಿ ಸಂಜೆ ತನಕ ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ ಮಲಗಿರ್ತಾರೆ. ಇಲ್ಲವಾದರೆ ಆಟೋಗೆ ಸಾಲ.

ಬಸ್ಸು ಜಾಸ್ತಿ ಬೇಡ, ದೊಡ್ಡದು ಬೇಡ, ಎಸಿ ಬೇಡ. ಒಂದೂವರೆ ಬಸ್ಸನ್ನ ಎರಡೂವರೆಗೆ ಮಾಡೋಕೆ ಯಾರನ್ನ ಕೇಳಬೇಕು?

ಎರಡನೇ ಬೆಲ್

ಅಕ್ಕಾ, ಇದು ಆಗೋ ಕೆಲಸ. ಟೈಮಿಂಗ್ ಬದಲಾವಣೆ ಡಿಪೋ ಮ್ಯಾನೇಜರ್ ಒಬ್ಬರ ಕೈಯಲ್ಲಿ ಇರಲ್ಲ, ವಿಭಾಗೀಯ ಸಂಚಾರ ಅಧಿಕಾರಿ ಒಪ್ಪಬೇಕು, ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯಿಂದ ಡಯಾಲಿಸಿಸ್ ಪಾಳಿ ಯಾವಾಗ ಶುರು, ಯಾವಾಗ ಮುಗಿಯುತ್ತೆ ಅಂತ ಒಂದು ಪತ್ರ ತಗೊಳ್ಳಿ, ರೋಗಿಗಳ ಹೆಸರು ಬೇಡ. ಆ ರೂಟಲ್ಲಿ ಬರೋ ಬೇರೆ ಹಳ್ಳಿಗಳಲ್ಲೂ ಡಯಾಲಿಸಿಸ್‌ನವರು ಇದ್ದೇ ಇರ್ತಾರೆ, ಅಲ್ಲಿನ ಆಶಾಗಳನ್ನೂ ಸೇರಿಸಿಕೊಳ್ಳಿ. ಆದರೆ ಒಂದು ಎಚ್ಚರ: ಆ ಒಂದೂವರೆ ಬಸ್ಸಲ್ಲಿ ಶಾಲೆ ಮಕ್ಕಳು ಯಾರಾದರೂ ಬರ್ತಾರಾ ನೋಡಿ. ಅವರಿಗೆ ತೊಂದರೆ ಆದರೆ ಊರಲ್ಲೇ ಜಗಳ ಆಗುತ್ತೆ, ಅರ್ಜಿ ಅಲ್ಲೇ ಕೂರುತ್ತೆ.

ಬಾಣಂತಿ ವಾರ್ಡು

ಶನಿವಾರ ಮಾತ್ರ ಮಕ್ಕಳಿರ್ತಾರೆ ಅಣ್ಣ. ಬೇರೆ ದಿನ ಶಾಲೆ ಬಿಡೋದು ಸಂಜೆ.

ಎರಡನೇ ಬೆಲ್

ಹಾಗಾದರೆ ಶನಿವಾರ ಬಿಟ್ಟು ಅಂತ ಬರೀರಿ. ಇಂಥ ಸಣ್ಣ ವಿವರ ಬರೆದಿದ್ದರೆ ಸಾಹೇಬರಿಗೂ ಇವರು ಯೋಚನೆ ಮಾಡಿ ಬಂದಿದ್ದಾರೆ ಅನ್ನಿಸುತ್ತೆ.

ಥೇಮ್ಸ್ ದಂಡೆ

ಲಂಡನ್ನಿನಲ್ಲಿರೋ ಶಿವಮೊಗ್ಗದವನು. "ನಮ್ಮಲ್ಲಿ ಎಲ್ಲ ಸ್ವರ್ಗ" ಅಂತ ಬರೆಯೋ ಎನ್ನಾರೈ ಅಂತ ಬೈಯಬೇಡಿ, ಚುಟುಕಾಗಿ ಮುಗಿಸ್ತೀನಿ. ಇಲ್ಲಿ ಹಳೇ ಮಾದರಿಯ ಪ್ರವಾಸಿ ಬಸ್ಸು ಬಿಟ್ಟರೆ ಎಲ್ಲ ಸಿಟಿ ಬಸ್ಸೂ 2005ರ ಕೊನೆಯಿಂದ ತಗ್ಗು ನೆಲದ್ದೇ. ಬಸ್ಸು ಒಂದು ಮಗ್ಗುಲಿಗೆ ಬಾಗುತ್ತೆ, ಡ್ರೈವರ್ ಕೂತಲ್ಲಿಂದಲೇ ಗುಂಡಿ ಒತ್ತಿದರೆ ಹಲಗೆ ಹೊರಬರುತ್ತೆ. ಕಳೆದ ಬೇಸಿಗೆಯಲ್ಲಿ ಅಪ್ಪ ಬಂದಿದ್ದಾಗ ಊರಲ್ಲಿ ಮನೆ ಬಿಟ್ಟು ಹೊರಡದವರು ಇಲ್ಲಿ ಒಬ್ಬರೇ ಲೈಬ್ರರಿಗೆ ಹೋಗಿ ಬರೋರು.

ಆದರೆ ಜಗಳ ಇಲ್ಲೂ ಇದೆ. ವೀಲ್‌ಚೇರ್ ಜಾಗದಲ್ಲಿ ಮಗುವಿನ ತಳ್ಳುಗಾಡಿ ಇಟ್ಟ ತಾಯಿ ಜಾಗ ಬಿಡಲಿಲ್ಲ ಅಂತ ಒಂದು ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತನಕ ಹೋಯ್ತು. ಡ್ರೈವರ್ ಬರೀ ಒಂದು ಸಲ ಕೇಳಿ ಸುಮ್ಮನಾದರೆ ಸಾಲದು, ಇನ್ನೂ ಒತ್ತಾಯ ಮಾಡಬೇಕು ಅಂತ 2017ರಲ್ಲಿ ತೀರ್ಪು ಬಂತು. ಪಿಂಚಣಿದಾರರ ಇಯರ್‌ಫೋನ್ ದೂರಿಗೆ ಇದು ಸಮಾಧಾನ ತರಬಹುದು.

ಪಿಂಚಣಿದಾರ 68

ತಂದಿತು.

ಕೆಂಪು ಸೀಟು

ನಮ್ಮ ತಮ್ಮನಿಗೆ ಒಂದು ಕಾಲು ಪೋಲಿಯೋ. ಬಸ್ ಪಾಸು ಮಾಡಿಸೋದು ಹೇಗೆ ಅಂತ ಯಾರಾದರೂ ಹೇಳ್ತೀರಾ? ಸೈಬರ್ ಸೆಂಟರಿನವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ನಾಲ್ಕು ಚಕ್ರ

ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಯುಡಿಐಡಿ ಕಾರ್ಡಿನಲ್ಲಿ, ಅಂದ್ರೆ ವಿಕಲಚೇತನರ ಗುರುತಿನ ಚೀಟಿಯಲ್ಲಿ ಇರಬೇಕು. ಅರ್ಜಿ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ಅಂಧರಿಗೆ ಪಾಸು ಪೂರ್ತಿ ಉಚಿತ. ಹೆಣ್ಣುಮಕ್ಕಳಿಗೆ ಹೇಗೂ ಶಕ್ತಿ ಇರೋದರಿಂದ ಈ 660ರ ಪಾಸು ಈಗ ಮುಖ್ಯವಾಗಿ ಬೇಕಾಗಿರೋದು ನಿಮ್ಮ ತಮ್ಮನಂಥ ಗಂಡಸರಿಗೆ. ಹಳ್ಳಿಯಾದರೆ ಸೈಬರಿಗೆ ಹೋಗಬೇಡಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರಿರ್ತಾರೆ, ಪುನರ್ವಸತಿ ಕಾರ್ಯಕರ್ತರು. ಅರ್ಜಿ ಹಾಕಿಸೋದು ಅವರ ಕೆಲಸವೇ. ಅವರನ್ನ ಹುಡುಕೋದಷ್ಟೇ ಕಷ್ಟ.

ಹಳೇಪೇಟೆ

ನಿಮ್ಮೆಲ್ಲರ ಮಾತು ಸೇರಿಸಿ ಮನವಿಯ ಕರಡು ಮಾಡಿದ್ದೀನಿ. ಪೀಠಿಕೆ ಬಿಟ್ಟು ಕೇಳಿಕೆಗಳನ್ನಷ್ಟೇ ಇಲ್ಲಿ ಹಾಕ್ತಿದ್ದೀನಿ, ತಪ್ಪಿದ್ದರೆ ತಿದ್ದಿ:

"ನಮ್ಮ ನಗರಕ್ಕೆ ಇನ್ನು ಮುಂದೆ ಕೊಳ್ಳುವ ಅಥವಾ ಗುತ್ತಿಗೆಗೆ ಪಡೆಯುವ ಪ್ರತಿ ನಗರ ಸಾರಿಗೆ ಬಸ್ಸಿನ ನೆಲದ ಎತ್ತರ 400 ಮಿಲಿಮೀಟರ್ ಇರಬೇಕೆಂದೂ, ಹಲಗೆ ತೆರೆಯುವ ಮತ್ತು ಕಟ್ಟೆಗೆ ತಾಗಿ ನಿಲ್ಲಿಸುವ ಹೊಣೆ ಯಾರದೆಂದೂ ಟೆಂಡರಿನಲ್ಲೇ ನಮೂದಿಸಬೇಕು. ಜಿಲ್ಲಾ ಆಸ್ಪತ್ರೆ ಮಾರ್ಗದ ಬಸ್ಸುಗಳ ಸಂಚಾರ ಸಮಯವನ್ನು ಮರುಪರಿಶೀಲಿಸಿ ಹೆಚ್ಚಿಸಬೇಕು. ಆಸ್ಪತ್ರೆ, ಬಸ್ ನಿಲ್ದಾಣ ಮತ್ತು ತಾಲ್ಲೂಕು ಕಚೇರಿ ಎದುರಿನ ತಂಗುದಾಣಗಳ ಮುಂದೆ ಬಸ್ಸು ನಿಲ್ಲುವ ಜಾಗಕ್ಕೆ ಗೆರೆ ಎಳೆದು ಬೇರೆ ವಾಹನ ನಿಲ್ಲದಂತೆ ಮಾಡಬೇಕು. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಕೂಗಬೇಕು, ಅದನ್ನು ಆಫ್ ಮಾಡಬಾರದು."

ವಿಳಾಸ ಯಾರಿಗೆ ಬರೀಲಿ? ಶಾಸಕರಿಗೂ ಒಂದು ಪ್ರತಿ ಕೊಡೋಣವಾ?

ಉಣಕಲ್ ಕೆರಿ

ರಸ್ತೆ ದಾಟೂ ಮಾತು ಎಲ್ಲಿ ಹೋತ್ರೀ?

ಹಳೇಪೇಟೆ

ಸೇರಿಸಿದೆ. ಆಸ್ಪತ್ರೆ ಎದುರು ಪಾದಚಾರಿ ಸಿಗ್ನಲ್, ವಯಸ್ಸಾದವರ ನಡಿಗೆಯ ವೇಗಕ್ಕೆ ಹೊಂದುವಷ್ಟು ಹಸಿರು ದೀಪ ಅಂತ.

ಎರಡನೇ ಬೆಲ್

ಒಂದೇ ಅರ್ಜಿಯಲ್ಲಿ ಎಲ್ಲ ತುರುಕಬೇಡಿ. ಬಸ್ಸು ನಿಲ್ಲೋ ಜಾಗ, ಗೆರೆ, ಸಿಗ್ನಲ್ ಇವು ಸಾರಿಗೆ ನಿಗಮದ ಕೈಯಲ್ಲಿಲ್ಲ. ನಗರಪಾಲಿಕೆ ಮತ್ತು ಸಂಚಾರ ಪೊಲೀಸರದ್ದು. "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಒಂದು ಸಾಲು ಬರೆದು ಇಡೀ ಅರ್ಜಿಯನ್ನೇ ಮುಗಿಸಿಬಿಡ್ತಾರೆ. ಮೂರು ಕಚೇರಿಗೆ ಮೂರು ಅರ್ಜಿ, ಪ್ರತಿಯೊಂದರ ಕೆಳಗೆ ಉಳಿದ ಎರಡಕ್ಕೆ ಪ್ರತಿ ಕಳಿಸಿದ್ದೇವೆ ಅಂತ ಹಾಕಿ. ಟೆಂಡರಿನದು ಕೇಂದ್ರ ಕಚೇರಿಗೆ ಹೋಗಲಿ, ವಿಭಾಗದವರಿಗೆ ಅದರ ಮೇಲೆ ಅಧಿಕಾರ ಇಲ್ಲ. ಶಾಸಕರ ಪ್ರತಿ ಕೊನೆಗೆ ಕೊಡಿ, ಮೊದಲೇ ಕೊಟ್ಟರೆ ಅಧಿಕಾರಿಗಳು ಇದು ರಾಜಕೀಯ ಅಂತ ದೂರ ಸರೀತಾರೆ.

ಕಪ್ಪು ಕೋಟು

ಆವಕ ಶಾಖೆಯಲ್ಲಿ ಮೊಹರು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಒಂದು ತಿಂಗಳು ನೋಡಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡೇ ಎರಡು ಕೇಳಿ: ನಮ್ಮ ನಗರಕ್ಕೆ ಕೊಳ್ಳಲಿರುವ ಬಸ್ಸಿನ ತಾಂತ್ರಿಕ ವಿವರಣೆಯ ಪ್ರತಿ, ಮತ್ತು ಆಸ್ಪತ್ರೆ ಮಾರ್ಗದ ಸಂಚಾರ ಸಮಯವನ್ನು ಕೊನೇ ಸಲ ಪರಿಷ್ಕರಿಸಿದ ದಿನಾಂಕ. ಅವರಿಗೆ 30 ದಿನ ಕಾಲಾವಕಾಶ. ಆ ಎರಡು ಹಾಳೆ ಕೈಗೆ ಬಂದ ಮೇಲೆ ಇಲ್ಲೇ ಹಾಕಿ, ಆಯುಕ್ತರಿಗೆ ಕೊಡೋ ದೂರನ್ನ ನಾನು ಬರೆದುಕೊಡ್ತೀನಿ.

ಬಾಣಂತಿ ವಾರ್ಡು

ಗ್ರಾಮಸಭೆ ಬರೋ ಗುರುವಾರ ಇದೆ. ಪಕ್ಕದ ಹಳ್ಳಿಯ ಆಶಾಗೆ ಫೋನ್ ಮಾಡಿದ್ದೆ, ಅಲ್ಲೂ ಡಯಾಲಿಸಿಸ್‌ನವರು ಇಬ್ಬರಿದ್ದಾರಂತೆ. ಅಣ್ಣ, ಠರಾವಿನ ಒಕ್ಕಣೆ ಹೇಗಿರಬೇಕು ಅಂತ ಎರಡು ಸಾಲು ಬರೆದು ಕಳಿಸ್ತೀರಾ?

ಎರಡನೇ ಬೆಲ್

ಇವತ್ತು ರಾತ್ರಿ ಕಳಿಸ್ತೀನಿ ಅಕ್ಕ. ರೂಟಿನ ಹೆಸರು, ಬಸ್ಸು ಈಗ ಹೊರಡೋ ಸಮಯ, ಯಾವ ಡಿಪೋದ್ದು ಇಷ್ಟು ಬರೆದಿಟ್ಕೊಳ್ಳಿ. ಡಿಪೋ ಹೆಸರು ಬಸ್ಸಿನ ಮೈಮೇಲೇ ಇರುತ್ತೆ, ನಾಳೆ ಬಂದಾಗ ನೋಡಿ.